ಹಳೇ ಕಾರಿಗೆ 15 ಇಂಚಿನ ಅಲಾಯ್: ಟೈರ್ ಸವೆದ ಮೇಲೆ ಬರೆದ ವಿಮರ್ಶೆ

ನನ್ನದು ವಯಸ್ಸಾದ ಸಣ್ಣ ಹ್ಯಾಚ್‌ಬ್ಯಾಕ್. ಕಂಪನಿಯಿಂದ ಬಂದಿದ್ದು 14 ಇಂಚಿನ ಕಬ್ಬಿಣದ ವೀಲ್, 175/65 ಟೈರ್ (ಅಗಲ 175 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65). ಅದನ್ನು ಬಿಚ್ಚಿಸಿ 15 ಇಂಚಿನ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ವೀಲ್), 185/55 ಟೈರ್ ಹಾಕಿಸಿ ಕೆಲವು ವರ್ಷಗಳಾದವು. ಹಾಕಿಸಿದ ವಾರದಲ್ಲಿ ಯಾರನ್ನು ಕೇಳಿದರೂ ಸೂಪರ್ ಅಂತಾರೆ. ಅಸಲಿ ವಿಷಯ ಗೊತ್ತಾಗೋದು ಟೈರ್ ಸವೆದ ಮೇಲೆ.

ಅಳತೆಯ ವಿಷಯದಲ್ಲಿ ದೂರಿಲ್ಲ. ಹಳೇ ಟೈರಿನ ಹೊರ ವ್ಯಾಸ ಸುಮಾರು 583 ಮಿ.ಮೀ., ಹೊಸದು 584.5. ಹಾಗಾಗಿ ಸ್ಪೀಡೋಮೀಟರ್ ಮೊದಲು ಎಷ್ಟು ಸುಳ್ಳು ಹೇಳುತ್ತಿತ್ತೋ ಈಗಲೂ ಅಷ್ಟೇ! ಲೋಡ್ ಇಂಡೆಕ್ಸ್ ಎರಡರಲ್ಲೂ 82, ಅಂದರೆ ಒಂದು ಟೈರ್ 475 ಕೆ.ಜಿ. ಹೊರುತ್ತದೆ.

ಎಲ್ಲರೂ ಇಂಚು ಕೇಳುತ್ತಾರೆ, ಆಫ್‌ಸೆಟ್ ಕೇಳುವವರು ಕಮ್ಮಿ. ರಿಮ್ ಅಗಲದ ನಟ್ಟನಡುವಿನಿಂದ, ವೀಲ್ ಕಾರಿಗೆ ಒತ್ತಿ ಕೂರುವ ಮುಖಕ್ಕೆ ಇರುವ ದೂರವೇ ಆಫ್‌ಸೆಟ್; ಅದು ಕಮ್ಮಿಯಾದಷ್ಟೂ ವೀಲ್ ಹೊರಗೆ ಬರುತ್ತೆ. ನನ್ನ ಹಳೇ ವೀಲ್ 5ಜೆ (ಅಂದರೆ 5 ಇಂಚು) ಅಗಲ, ಆಫ್‌ಸೆಟ್ 45 ಮಿ.ಮೀ. ಹೊಸದು 6ಜೆ, ಆಫ್‌ಸೆಟ್ 38. ಒಂದು ಇಂಚು ಅಗಲ ಹೆಚ್ಚಾದಾಗ ರಿಮ್ ಎರಡೂ ಕಡೆ 12.7 ಮಿ.ಮೀ. ಬೆಳೆಯುತ್ತದೆ. ಆಫ್‌ಸೆಟ್ ಕಮ್ಮಿಯಾದದ್ದಕ್ಕೆ ಇನ್ನೊಂದು 7. ಒಟ್ಟು ಹತ್ತಿರ ಹತ್ತಿರ 20 ಮಿ.ಮೀ. ಹೊರಗೆ ಬಂತು. ಹೊಸ ಕಾರಾದರೆ ನಡೆದುಹೋಗುತ್ತಿತ್ತೇನೋ. ಹಳೇ ಕಾರಿನ ಹಿಂದಿನ ಸ್ಪ್ರಿಂಗ್ ಕುಸಿದಿರುತ್ತೆ, ಅಲ್ವಾ? ಹಿಂದೆ ಮೂರು ಜನ ಕೂತು ಹಂಪ್ ಇಳಿದರೆ ಸಾಕು, ಟೈರ್ ಮಡ್‌ಗಾರ್ಡಿಗೆ ಉಜ್ಜಿ ಗರ್ರ್ ಅಂತ ಸದ್ದು. ಬಗ್ಗಿ ನೋಡಿದರೆ ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಬಣ್ಣ ಹೋಗಿ ಬೆರಳಗಲದ ಹೊಳೆಯುವ ಗೆರೆ. ಹಿಂದಿನ ಎರಡೂ ಸ್ಪ್ರಿಂಗ್ ಬದಲಾಯಿಸಿದ ಮೇಲೆ ಅದು ನಿಂತಿತು. ಮೊದಲು ಸ್ಪ್ರಿಂಗ್, ಬುಶ್, ಬಾಲ್ ಜಾಯಿಂಟ್ ಸರಿ ಮಾಡಿಸಿ. ಅಷ್ಟರಲ್ಲೇ ಕಾರು ಹೊಸದರಂತೆ ಓಡಿದರೆ ಅಲಾಯ್ ಆಸೆ ಅರ್ಧ ಇಳಿದೀತು.

ಇನ್ನೊಂದು ಕಾಟ, 80 ದಾಟಿದರೆ ಸ್ಟೀರಿಂಗ್ ನಡುಗುವುದು. ಹಾಕಿಕೊಟ್ಟ ಅಂಗಡಿಯವರು ಅಲೈನ್‌ಮೆಂಟ್ ಅಂದರು, ಆಮೇಲೆ ಬ್ಯಾಲೆನ್ಸಿಂಗ್ ಅಂದರು, ಎರಡಕ್ಕೂ ದುಡ್ಡು ತಗೊಂಡರು. ಬೇರೆ ಮೆಕ್ಯಾನಿಕ್ ವೀಲ್ ಬಿಚ್ಚಿ ಒಂದೇ ನೋಟಕ್ಕೆ ಹೇಳಿದರು: ಹಬ್ ರಿಂಗ್ ಇಲ್ಲ. ಕಾರಿನ ಹಬ್ (ವೀಲಿನ ನಡುವಿನ ತೂತಿನೊಳಗೆ ಕೂರುವ ಗುಂಡನೆಯ ಭಾಗ) 54.1 ಮಿ.ಮೀ., ಅಲಾಯ್ ನಡುವಿನ ತೂತು 67.1. ಎಲ್ಲಾ ಕಾರಿಗೂ ಕೂರಲಿ ಅಂತ ಹೊರಗಿನ ಅಲಾಯ್‌ಗಳಲ್ಲಿ ತೂತು ದೊಡ್ಡದೇ ಇರುತ್ತೆ. ಆ ಸಂದಿಯನ್ನು ತುಂಬುವುದು ಒಂದು ಪ್ಲಾಸ್ಟಿಕ್ ಬಳೆ, ಅದೇ ಹಬ್ ರಿಂಗ್. ಅದು ಬಂದ ಮೇಲೆ ನಡುಕ ಮಾಯ. ಪಂಕ್ಚರ್ ಹಾಕಿಸುವಾಗ ಮಾತ್ರ ಪಕ್ಕದಲ್ಲೇ ನಿಂತಿರಿ, ಬಿಚ್ಚುವಾಗ ಅದು ಕಳಚಿ ಬಿದ್ದರೆ ಯಾರೂ ಹುಡುಕಲ್ಲ.

ಓಡಿಸೋಕೆ ಹೇಗಿದೆ? ತಿರುವಿನಲ್ಲಿ ಕಾರು ವಾಲುವುದು ಕಮ್ಮಿಯಾದಂತೆ ಅನಿಸುತ್ತದೆ, ಸ್ಟೀರಿಂಗ್ ಹೇಳಿದ ಕಡೆಗೆ ತಕ್ಷಣ ತಿರುಗುತ್ತದೆ. ಇದು ನಿಜವಾದ ಲಾಭ. ಆದರೆ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಭಾರ. ಅಲಾಯ್ ಅಂದರೆ ಹಗುರ ಅನ್ನೋದು ಸುಮ್ನೆ ಮಾತು. ತಕ್ಕಡಿಗೆ ಹಾಕಿದಾಗ ಟೈರ್ ಸಮೇತ ನನ್ನ ಹೊಸ ವೀಲ್ ಹಳೆಯದಕ್ಕಿಂತ ಜಾಸ್ತಿಯೇ ತೂಗಿತು. ಪಿಕಪ್ ಸ್ವಲ್ಪ ಮಂದ, ಮೈಲೇಜ್ ಚೂರು ಕಮ್ಮಿ. ಟೈರಿನ ಗೋಡೆ 114ರಿಂದ 102 ಮಿ.ಮೀ.ಗೆ ಇಳಿದಿದೆ, ಗುಂಡಿ ಬಿದ್ದರೆ ಸೊಂಟಕ್ಕೆ ಗೊತ್ತಾಗುತ್ತೆ. 16 ಇಂಚಿಗೆ ಹೋಗಿ 195/45 ಹಾಕಿದರೆ ಆ ಗೋಡೆ ಬರೀ 88. ಕೆಟ್ಟ ರಸ್ತೆಯಲ್ಲಿ ಓಡಾಡುವವರಿಗೆ ಅದು ಬೇಡವೇ ಬೇಡ.

ಫಿನಿಶ್ ಸಾಧಾರಣ. ಬ್ಯಾಲೆನ್ಸಿಂಗ್ ತೂಕ ಹೊಡೆದ ಅಂಚಿನಲ್ಲಿ ಲ್ಯಾಕರ್ ಎದ್ದು ಬಿಳಿ ಹುಡಿ ಕಾಣಿಸಿಕೊಂಡಿದೆ.

ಸ್ಟೆಪ್ನಿ ಹಳೇ 14 ಇಂಚಿನದೇ ಇದೆ. ವ್ಯಾಸ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಟೈರ್ ಅಂಗಡಿವರೆಗೆ ಆರಾಮಾಗಿ ಹೋಗಬಹುದು. ಆದರೆ ನನ್ನ ಅಲಾಯ್ ನಟ್ ಕಬ್ಬಿಣದ ವೀಲಿಗೆ ಸರಿಯಾಗಿ ಕೂರಲ್ಲ. ಹಳೇ ನಟ್ ನಾಲ್ಕನ್ನು ಡಿಕ್ಕಿಯಲ್ಲಿ ಜ್ಯಾಕ್ ಜೊತೆಗೇ ಕಟ್ಟಿ ಇಟ್ಟಿದ್ದೇನೆ.