ಬಡ್ಡಿ ಲೆಕ್ಕಕ್ಕೆ ಬಂದಾಗ ಧರ್ಮ ಕಾಣೆ: ‘ದಿ ಎಕಾನಮಿ’ ಉಚಿತ ಪಠ್ಯದ ವಿಮರ್ಶೆ

ಬಿಎ ಮೊದಲ ವರ್ಷದಲ್ಲಿ ಅರ್ಥಶಾಸ್ತ್ರದ ಜೊತೆ ನೀತಿಶಾಸ್ತ್ರವನ್ನೋ ಧರ್ಮಗಳ ಅಧ್ಯಯನವನ್ನೋ ತೆಗೆದುಕೊಂಡವರಿಗೆ ಕೋರ್ ಎಕಾನ್‌ ಎಂಬ ಅರ್ಥಶಾಸ್ತ್ರಜ್ಞರ ತಂಡದ ‘ದಿ ಎಕಾನಮಿ’ ಒಳ್ಳೆಯ ಪಠ್ಯ. ದುಡ್ಡು ಕೊಡಬೇಕಿಲ್ಲ, ಅಂತರ್ಜಾಲದಲ್ಲೇ ಓದಬಹುದು. ಭಾಷೆ ಇಂಗ್ಲಿಷ್, ಆದರೆ ಸರಳ. ಕ್ಯಾಲ್ಕ್ಯುಲಸ್ ‘ಲೈಬ್ನಿಟ್ಸ್’ ಎಂಬ ಪ್ರತ್ಯೇಕ ಪುಟಗಳಲ್ಲಿದೆ. ಬಿಟ್ಟು ಓದಿದರೂ ಅಡ್ಡಿಯಿಲ್ಲ.

ಮೊದಲ ಆವೃತ್ತಿಯ 22 ಘಟಕಗಳನ್ನು ಸಾಲಾಗಿ ಓದಲು ಹೋದರೆ ಸೆಮಿಸ್ಟರ್ ಸಾಲದು. ಎರಡು ವಿಷಯ ಸೇರಿಸಿ ಓದುವವರು 1, 4, 5, 10, 19ರ ಕ್ರಮ ಹಿಡಿಯಲಿ. ಬೇಡಿಕೆ–ಪೂರೈಕೆ ಇರುವುದು 8ರಲ್ಲಿ; ಪರೀಕ್ಷೆಗೆ ಬೇಕೇ ಬೇಕು, ಆದರೆ ಅದನ್ನು ಯಾವ ಗೈಡ್ ಆದರೂ ಹೇಳಿಕೊಡುತ್ತದೆ.

ಪುಸ್ತಕದ ಜೀವ 4ನೇ ಘಟಕ. ನಾಲ್ವರು ರೈತರ ನೀರಾವರಿ ಕೆಲಸದ ಲೆಕ್ಕ ನೋಡಿ. ಒಬ್ಬರು 10 ಡಾಲರ್ ಹಾಕಿದರೆ ನಾಲ್ವರಿಗೂ ತಲಾ 8 ಡಾಲರ್ ಲಾಭ. ಎಲ್ಲರೂ ಹಾಕಿದರೆ ತಲಾ 32 ಕಳೆ 10, ಅಂದರೆ 22. ಉಳಿದ ಮೂವರು ಹಾಕಿ ನೀವೊಬ್ಬರು ಕೈಕಟ್ಟಿ ಕೂತರೆ ನಿಮಗೆ 24. ಯಾರೂ ಹಾಕದಿದ್ದರೆ ಸೊನ್ನೆ. ಇಲ್ಲಿ ವಿದ್ಯಾರ್ಥಿಗಳು ಎಡವುವುದು ಒಂದೇ ಕಡೆ: 22ನ್ನು ಸೊನ್ನೆಯೊಂದಿಗೆ ಹೋಲಿಸಿ ‘ಹಾಕುವುದೇ ಲಾಭ’ ಎಂದು ಬರೆಯುತ್ತಾರೆ. ಹೋಲಿಸಬೇಕಾದ್ದು 22 ಮತ್ತು 24. ಉಳಿದವರು ಏನೇ ಮಾಡಲಿ, ಹಾಕದವನಿಗೆ 2 ಡಾಲರ್ ಹೆಚ್ಚು. ಆ 2 ಡಾಲರ್ ಬಿಟ್ಟುಕೊಡುವುದು ಯಾಕೆ ಎಂದು ಕೇಳಿದ ಕೂಡಲೇ ನೀತಿಶಾಸ್ತ್ರದ ಪತ್ರಿಕೆ ಶುರು. ದಾಸೋಹದ ಪಾಠವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಎರಡೂ ಹೊಸದಾಗಿ ಕಾಣುತ್ತವೆ.

5ನೇ ಘಟಕದಲ್ಲಿ ಇನ್ನೊಂದು ಗುಂಡಿ: ಪರೇಟೊ ದಕ್ಷತೆಯನ್ನು (ಒಬ್ಬರಿಗೆ ನಷ್ಟವಾಗದೆ ಇನ್ನೊಬ್ಬರಿಗೆ ಹೆಚ್ಚು ಕೊಡಲಾಗದ ಹಂಚಿಕೆ) ನ್ಯಾಯ ಎಂದುಕೊಳ್ಳುವುದು. ಇಡೀ ಫಸಲು ಒಬ್ಬನ ಪಾಲಾದರೂ ಹಂಚಿಕೆ ‘ದಕ್ಷ’ವೇ ಆಗಿರಬಹುದು. ಪುಸ್ತಕ ಇದನ್ನು ಬಿಡಿಸಿ ಹೇಳುತ್ತದೆ. ಓದುವವರು ಅವಸರದಲ್ಲಿ ದಾಟಿಬಿಡುತ್ತಾರೆ.

ನಮ್ಮ ತಕರಾರು 10ನೇ ಘಟಕದ್ದು. ಪಾಕಿಸ್ತಾನದ ಚಂಬರ್ ಊರಿನ ಲೇವಾದೇವಿಗಾರರಿಂದ ಅದು ಆರಂಭವಾಗುತ್ತದೆ. ಸರಾಸರಿ ಬಡ್ಡಿ ವರ್ಷಕ್ಕೆ ಶೇ. 78. ನಮ್ಮ ಮಾತಿನಲ್ಲಿ ತಿಂಗಳಿಗೆ ನೂರಕ್ಕೆ ಆರೂವರೆ ರೂಪಾಯಿ. (ಊರಿನ ‘ಮೂರು ರೂಪಾಯಿ ಬಡ್ಡಿ’ ತಿಂಗಳದ್ದು, ಅಂದರೆ ವರ್ಷಕ್ಕೆ ಶೇ. 36, ಬಡ್ಡಿಗೆ ಬಡ್ಡಿ ಸೇರಿದರೆ ಸುಮಾರು 42.6. ಇದನ್ನು ಶೇ. 3 ಎಂದು ಬರೆದು ಅಂಕ ಕಳೆದುಕೊಳ್ಳುವವರು ಇದ್ದಾರೆ.) ಅಡಮಾನಕ್ಕೆ ಏನೂ ಇಲ್ಲದವನಿಗೆ ಸಾಲ ಯಾಕೆ ದುಬಾರಿ ಎಂಬ ವಿವರಣೆ ಚೆನ್ನಾಗಿದೆ. ಆದರೆ ಬಡ್ಡಿಯ ಬಗ್ಗೆ ಧರ್ಮಗಳು ಶತಮಾನಗಳಿಂದ ನಡೆಸಿದ ವಾದಕ್ಕೆ ಇಲ್ಲಿ ತಕ್ಕ ಜಾಗ ಸಿಕ್ಕಿಲ್ಲ. ಅದನ್ನು ಓದುಗರೇ ಸೇರಿಸಿಕೊಳ್ಳಬೇಕು.

ಸೇರಿಸುವುದು ಕಷ್ಟವೇನಲ್ಲ. ಕುರ್‌ಆನಿನ 2:275 ವ್ಯಾಪಾರಕ್ಕೆ ಒಪ್ಪಿ ರಿಬಾವನ್ನು, ಅಂದರೆ ಬಡ್ಡಿಯನ್ನು, ನಿಷೇಧಿಸುತ್ತದೆ. ಬೈಬಲಿನ ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಸೋದರನಿಂದ ಬಡ್ಡಿ ಬೇಡ, ಪರದೇಶಿಯಿಂದ ಪಡೆಯಬಹುದು ಎನ್ನುತ್ತದೆ. ಕೌಟಿಲ್ಯನಲ್ಲಿ ತಿಂಗಳಿಗೆ ನೂರಕ್ಕೆ ಒಂದೂಕಾಲು ಪಣ ‘ಧರ್ಮ್ಯ’, ಅಂದರೆ ಧರ್ಮಸಮ್ಮತ. ವ್ಯಾಪಾರಕ್ಕೆ 5, ಕಾಡು ದಾಟುವವರಿಗೆ 10, ಸಮುದ್ರಯಾನದವರಿಗೆ 20. ದರ ಅಪಾಯದ ಜೊತೆ ಏರುವುದನ್ನು ಗಮನಿಸಿ. ಮನುಸ್ಮೃತಿಯ 8:142ರಲ್ಲಿ ತಿಂಗಳ ಬಡ್ಡಿ ದರ ವರ್ಣಕ್ಕೆ ತಕ್ಕಂತೆ 2, 3, 4, 5 ಎಂದು ಏರುತ್ತದೆ. ಈ ಎರಡು ಪಟ್ಟಿಗಳನ್ನು ಚಂಬರಿನ ತಿಂಗಳ ಆರೂವರೆಯ ಪಕ್ಕ ಬರೆದು, ಯಾವುದು ಅಪಾಯದ ಬೆಲೆ, ಯಾವುದು ಅಧಿಕಾರದ ಬೆಲೆ ಎಂದು ಗುರುತಿಸಿದರೆ ಹತ್ತು ಅಂಕದ ಉತ್ತರ ಸಿದ್ಧ.

ಪಠ್ಯದ ನಡುವೆ ಬರುವ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಉತ್ತರ ಯಾಕೆ ತಪ್ಪು ಎಂಬ ವಿವರಣೆಯೂ ಇದೆ. ಸರಿ ಉತ್ತರ ಬಂದರೂ ಅದನ್ನು ಓದಿ. ಮೊಬೈಲಿನಲ್ಲಿ ಮಾತ್ರ ನಕ್ಷೆಗಳು ತೀರಾ ಚಿಕ್ಕವು. 5ನೇ ಘಟಕಕ್ಕೆ ಲ್ಯಾಪ್‌ಟಾಪ್ ಹಿಡಿದು ಕೂರುವುದೇ ವಾಸಿ.