ಗುಂಯ್‌ಗುಡುವ ಸ್ಪೀಕರ್‌ಗೆ ಯಾವುದು ಮದ್ದು: ಐಸೊಲೇಟರೋ, ಆಪ್ಟಿಕಲ್ ಕೇಬಲ್ಲೋ?

ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಬಡಿಯುವಾಗ ನಮ್ಮ ಮನೆಯಲ್ಲಿ ಬೇರೆ ಸದ್ದೇ ಕೇಳಿಸುವುದಿಲ್ಲ. ಹೊಳವಾದಾಗ ಮಾತ್ರ ಸ್ಪೀಕರ್‌ನ ಬಂಡವಾಳ ಬಯಲಾಗುತ್ತಿತ್ತು: ಹಾಡಿನ ಅಡಿಯಲ್ಲಿ ಒಂದೇ ಸಮನೆ ದುಂಬಿಯ ಗುಂಯ್. ಅದನ್ನು ಓಡಿಸಿದ್ದು ಆಪ್ಟಿಕಲ್ ಕೇಬಲ್. ಅದಕ್ಕೂ ಮೊದಲು ಆಡಿಯೊ ತಂತಿಯ ನಡುವೆ ಸಿಕ್ಕಿಸುವ ಐಸೊಲೇಟರ್‌ಗೆ 350 ರೂಪಾಯಿ ಸುರಿದದ್ದು ನನ್ನ ಆತುರ.

ಮೂಲ ಹುಡುಕಲು ಒಂದು ಸಂಜೆ ಸಾಕಾಯಿತು. ಒಂದೊಂದೇ ತಂತಿ ಬಿಡಿಸಿ ಕಿವಿಗೊಟ್ಟೆ. ಸೆಟ್ ಟಾಪ್ ಬಾಕ್ಸ್‌ನಿಂದ ಡಿಶ್ಶಿನ ಕೇಬಲ್ ತಿರುಚಿ ತೆಗೆದೊಡನೆ ಮೌನ. ಡಿಶ್ ನಿಂತಿರುವುದು ಅಂಗಳದಲ್ಲಿ ಹೂತ ಕಬ್ಬಿಣದ ಕಂಬದ ಮೇಲೆ. ಆಂಪ್ಲಿಫೈಯರ್‌ಗೆ ಮೂರು ಪಿನ್ನಿನ ಪ್ಲಗ್‌ನಿಂದ ಮನೆಯ ಅರ್ಥಿಂಗ್. ಈ ಎರಡು ನೆಲಗಳ ನಡುವೆ ತುಸು ವೋಲ್ಟೇಜ್ ವ್ಯತ್ಯಾಸವಿದ್ದರೂ ಟಿವಿಯಿಂದ ಆಂಪ್ಲಿಫೈಯರ್‌ಗೆ ಹೋಗುವ ಆಡಿಯೊ ತಂತಿಯ ಹೊರಕವಚದಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತದೆ. ಗುಂಯ್ ಎನ್ನುವುದು ಅದೇ.

ಅರ್ಥ್ ಪಿನ್ ಕಿತ್ತುಬಿಡಿ ಎಂದರು ಪಕ್ಕದ ತೋಟದವರು. ಲೋಹದ ಮೈಗೆ ಕರೆಂಟ್ ಸೋರಿದ ದಿನ ಅದು ನೆಲಕ್ಕಿಳಿಯಲು ನನ್ನ ಕೈಯೇ ದಾರಿಯಾಗುತ್ತದೆ. ಬೇಡವೆಂದೆ.

ಐಸೊಲೇಟರ್‌ನಲ್ಲಿರುವುದು ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ತಂತಿಗೆ ತಂತಿ ತಾಗದೆ ಹಾಡು ಮಾತ್ರ ದಾಟುತ್ತದೆ. ಗುಂಯ್ ಹೋಯಿತು, ಜೊತೆಗೆ ತಬಲಾದ ಡಗ್ಗಾವೂ ಹೋಯಿತು; ರಟ್ಟಿನ ಪೆಟ್ಟಿಗೆ ತಟ್ಟಿದಂತೆ ಕೇಳಿಸತೊಡಗಿತು.

ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ದಾಟುವ ಮಾತೇ ಇಲ್ಲ. ನನ್ನ ಹಳೆಯ ಆಂಪ್ಲಿಫೈಯರ್‌ಗೆ ಆ ಕಿಂಡಿ ಇಲ್ಲದ್ದರಿಂದ ಡಿಜಿಟಲ್ಲನ್ನು ಅನಲಾಗ್ ಮಾಡುವ ಡಬ್ಬಿಯೂ ಬೇಕಾಯಿತು. ಎರಡಕ್ಕೂ ಸೇರಿ 1,150 ರೂಪಾಯಿ. ಟಿವಿಯಲ್ಲಿ ಪಿಸಿಎಂ ಎಂಬ ಸಾದಾ ಡಿಜಿಟಲ್ ಧ್ವನಿಯ ಆಯ್ಕೆ ಮಾಡುವವರೆಗೆ ಡಬ್ಬಿ ಉಸಿರೆತ್ತಲಿಲ್ಲ.

ಉಸಿರೆತ್ತಿದಾಗ ಕೇಳಿಸಿದ್ದು ಅದೇ ಗುಂಯ್! ಬೆಳಕಿನ ತಂತಿಯಲ್ಲಿ ದುಂಬಿ ಹೇಗೆ ನುಸುಳಿತು? ಕೇಬಲ್ ಬದಲಿಸಿ ನೋಡಿದೆ, ಅಂಗಡಿಯವನನ್ನು ಮನಸಾರೆ ಬೈದೆ, ಎರಡು ರಾತ್ರಿ ಹಾಡು ಕೇಳಲೇ ಇಲ್ಲ.

ಮೂರನೆಯ ದಿನ ಟಿವಿಯ ಹಿಂದೆ ಧೂಳು ಒರೆಸುವಾಗ ಹೊಳೆಯಿತು. ಡಬ್ಬಿಗೆ ಬೇಕಾದ 5 ವೋಲ್ಟನ್ನು ಟಿವಿಯ ಯುಎಸ್‌ಬಿಯಿಂದಲೇ ಕೊಟ್ಟಿದ್ದೆ. ಮುಂಬಾಗಿಲಿನಲ್ಲಿ ತಡೆದ ಕರೆಂಟ್ ಹಿತ್ತಲಿನಿಂದ ಒಳಬರುತ್ತಿತ್ತು. ಆ ತಂತಿ ಕಿತ್ತು ಎರಡು ಪಿನ್ನಿನ ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿದೆ. ದುಂಬಿ ಹಾರಿಹೋಯಿತು, ಡಗ್ಗಾ ಮರಳಿ ಬಂತು.

ಈಗ ಟಿವಿಯ ರಿಮೋಟಿಗೆ ಧ್ವನಿ ಬಗ್ಗುವುದಿಲ್ಲ, ಎದ್ದು ಗುಂಡಿ ತಿರುಗಿಸಬೇಕು. ರಾತ್ರಿ ಸಣ್ಣ ಧ್ವನಿಯಲ್ಲಿ ಕೇಳುವವನಿಗೆ ಅದೇನು ಮಹಾ. ಐಸೊಲೇಟರ್ ಜೀಪಿನ ಸ್ಟೀರಿಯೊಗೆ ಹೋಗಿದೆ. ಮೊಬೈಲ್ ಚಾರ್ಜ್‌ಗೆ ಹಾಕಿದಾಗ ಬರುತ್ತಿದ್ದ ಕೀರಲು ಸದ್ದು ಅಲ್ಲಿ ನಿಂತಿದೆ. ಭಾಗಮಂಡಲದ ಏರಿನಲ್ಲಿ ಡಗ್ಗಾ ಹೇಗೂ ಕೇಳಿಸುವುದಿಲ್ಲ.