ತಾಲ್ಲೂಕು ಆಸ್ಪತ್ರೆಗೆ ಪಿಒಪಿಯೇ ಸಾಕೇ, ಫೈಬರ್ ಬೇಕೇ?

ಡಚ್ ಸೇನಾ ವೈದ್ಯ ಮಥೈಸನ್ 1852ರಲ್ಲಿ ಪ್ರಚಾರಕ್ಕೆ ತಂದ, ಮುರಿದ ಮೂಳೆಗೆ ಕಟ್ಟುವ ಜಿಪ್ಸಂ ಪಟ್ಟಿಗೆ, ಅಂದರೆ ಪಿಒಪಿಗೆ (ಪ್ಲಾಸ್ಟರ್ ಆಫ್ ಪ್ಯಾರಿಸ್), ಸಣ್ಣ ಊರಿನಲ್ಲಿ ಈಗಲೂ ನಮ್ಮ ಓಟು. ಫೈಬರ್ ಗ್ಲಾಸ್ ಹಗುರ, ಗಟ್ಟಿ, ಸರಿ. ಆದರೆ ಬಿಚ್ಚಲು ಕರೆಂಟಿನ ಕಟರ್ ಬೇಕು. ನಡುರಾತ್ರಿ ಬೆರಳು ಊದಿಕೊಂಡು ಬಂದವರಿಗೆ ಕರೆಂಟಿಲ್ಲ ಎನ್ನಲಾದೀತೇ? ಪಿಒಪಿ ಸ್ಲ್ಯಾಬ್ (ಕೈಕಾಲಿನ ಸುತ್ತಲೂ ಅಲ್ಲ, ಒಂದು ಬದಿಗಷ್ಟೇ ಇಡುವ ಪಟ್ಟಿ) ಆದರೆ ಸುತ್ತಿದ ಬ್ಯಾಂಡೇಜು, ಒಳಗಿನ ಹತ್ತಿ ಎರಡನ್ನೂ ಚರ್ಮದವರೆಗೆ ಕತ್ತರಿಸಿ ಸಡಿಲಿಸಬಹುದು.

ಸ್ಲ್ಯಾಬಿನಲ್ಲಿ ಮುಂಗೈಗೆ 8–10 ಪದರ, ಕಾಲಿಗೆ 12–16. ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ಅದ್ದಿ, ಮೆಲ್ಲಗೆ ಹಿಂಡಿ. ನೀರು ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ, ಚರ್ಮ ಸುಡುವ ಅಪಾಯವೂ ಏರುತ್ತದೆ. ಅಂಗೈಯಲ್ಲೇ ಹಿಡಿಯಿರಿ, ಬೆರಳು ಒತ್ತಿದ ಕುಳಿಯೇ ಒಳಗೆ ಹುಣ್ಣಾಗುತ್ತದೆ. ಹೊಸ ಮುರಿತಕ್ಕೆ ಸ್ಲ್ಯಾಬ್ ಮಾತ್ರ, ಊತ ಇಳಿದ ಮೇಲೆ ಸುತ್ತಲೂ ಕಟ್ಟುವ ಪೂರ್ತಿ ಕಾಸ್ಟ್.

ಕೊರತೆ ಇಲ್ಲವೆಂದಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಡೆದ ಪ್ಯಾಕೆಟ್ ತೇವ ಹೀರಿ ಗಂಟುಗಟ್ಟುತ್ತದೆ, ಅದನ್ನು ಎಸೆಯಬೇಕು. ಪೂರ್ತಿ ಒಣಗಲು 24ರಿಂದ 72 ಗಂಟೆ ಬೇಕು, ರೋಗಿಯೋ ಅಂದೇ ಬಸ್ಸು ಹತ್ತುತ್ತಾರೆ! ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಮಾತ್ರೆಗೂ ನೋವು ತಗ್ಗದಿದ್ದರೆ ಬೆಳಗಾಗುವತನಕ ಕಾಯದೆ ಬನ್ನಿ ಎಂದು ಚೀಟಿಯಲ್ಲೇ ಬರೆದುಕೊಡಿ.